ಪ್ಲೇಟಿನ ಇನ್ನೊಂದು ಮಗ್ಗುಲು

ಕನ್ನಡ ಎಂ.ಎ. ಮಾಡಿಕೊಂಡವನಿಗೆ ಒಂದು ಕಾಟ ತಪ್ಪಿದ್ದಲ್ಲ. ಯಾರು ಯಾವ ಪರಭಾಷೆಯ ಶಬ್ದವನ್ನು ಹಿಡಿದುಕೊಂಡು ಬಂದರೂ ಅದಕ್ಕೆ ನಿಂತ ಕಾಲಿನಲ್ಲಿಯೇ ಒಂದು ಕನ್ನಡ ಅಂಗಿಯನ್ನು ಹೊಲಿದು ಕೊಡಬೇಕು. ತಡಮಾಡಿದರೆ, "ಏನು ಮಾಸ್ತರರೆ, ನಮ್ಮ ಭಾಷೆಯಲ್ಲಿ ಅಷ್ಟೂ ಶಕ್ತಿಯಿಲ್ಲವೆ?" ಎಂದು ಕೇಳುವವರಿದ್ದಾರೆ. ಹೊಲಿದು ಕೊಟ್ಟರೆ, "ಇದು ಅಷ್ಟು ಒಪ್ಪುವುದಿಲ್ಲ ಬಿಡಿ" ಎನ್ನುವವರೂ ಅವರೇ.

ಹೋದ ತಿಂಗಳು ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಇಂಥದೇ ಒಂದು ಶಬ್ದವನ್ನು ತಂದನು: 'ಬಿ-ಸೈಡ್'. ಹುಡುಗನು ಗಿಟಾರು ನುಡಿಸುವವನು. ಇಂಗ್ಲಿಷ್ ಹಾಡುಗಳ ಹುಚ್ಚು ಅವನಿಗೆ ತಲೆಗೇರಿದೆ. ಮ್ಯಾಂಚೆಸ್ಟರಿನ 'ಓಯಸಿಸ್' ಎಂಬ ವಾದ್ಯವೃಂದವು ೧೯೯೮ರಲ್ಲಿ ಹೊರತಂದ 'ದಿ ಮಾಸ್ಟರ್‌ಪ್ಲಾನ್' ಎಂಬ ಸಂಕಲನದ ವಿಷಯವಾಗಿ ಅವನು ಒಂದು ಪುಟ್ಟ ಲೇಖನವನ್ನು ಬರೆದಿದ್ದನು. ಅದರಲ್ಲಿ ಹದಿನಾಲ್ಕು ಹಾಡುಗಳಿವೆ. ಹದಿನಾಲ್ಕೂ ಬೇರೆ ಬೇರೆ ಪ್ರಸಿದ್ಧ ಹಾಡುಗಳ ಬೆನ್ನಿಗೆ ಅಂಟಿಕೊಂಡು ಹೊರಬಂದವು. ಮುಂದಿನ ಹಾಡನ್ನು ಕೊಂಡವರಿಗೆ ಹಿಂದಿನದು ಕೊಸರಾಗಿ ದೊರಕಿತು ಎಂದು ಅವನ ವಿವರಣೆ. ತನ್ನ ಕಿವಿಗಳಿಂದ ಎರಡು ಬಿಳಿಯ ಗುಂಡಿಗಳನ್ನು ಕಿತ್ತು ನನ್ನ ಕಿವಿಗಿರಿಸಿ, "ಕೇಳಿ ನೋಡಿ ಸರ್, ಇದು ಕೊಸರೆನ್ನುವ ಹಾಡೆ?" ಎಂದನು.

ಕೇಳಿದೆ. ಗಿಟಾರಿನ ಗದ್ದಲದ ನಡುವೆ ಒಬ್ಬನು ಒರಟಾಗಿ ಹಾಡುತ್ತಿದ್ದನು. ಪಲ್ಲವಿ ಬಂದಾಗ ಇನ್ನೊಬ್ಬನ ಎತ್ತರದ ದನಿ ಬಂದು ಆ ಒರಟುತನವನ್ನು ತಬ್ಬಿಕೊಂಡಿತು. ಇಬ್ಬರೂ ಒಡಹುಟ್ಟಿದವರು, ಜೀವನವೆಲ್ಲ ಜಗಳವಾಡಿದವರು, ೨೦೦೯ರಲ್ಲಿ ಬೇರೆಯಾಗಿ ೨೦೨೫ರಲ್ಲಿ ಮತ್ತೆ ಒಂದೇ ವೇದಿಕೆಯನ್ನೇರಿದವರು ಎಂದು ತಿಳಿಯಿತು. ಈ ಹಾಡು ೧೯೯೫ರಲ್ಲಿ ಅವರ ಇನ್ನೊಂದು ಹಾಡಿನ ಬೆನ್ನಿಗೆ ಬಂದುದಂತೆ. ಆ ಮುಂದಿನ ಹಾಡು ಅವರ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈ ಹಿಂದಿನದಕ್ಕೆ ಕಾದು ಕುಳಿತವರು ರಸಿಕರು ಮಾತ್ರ.

"ಸರಿಯಪ್ಪ, ಇದಕ್ಕೆ 'ಹಿಂಬದಿ' ಎನ್ನೋಣ" ಎಂದೆ. ಹುಡುಗನು ಮುಖವನ್ನು ಹುಳ್ಳಗೆ ಮಾಡಿಕೊಂಡನು. ಆಗ ಇದ್ದಕ್ಕಿದ್ದಂತೆ, ಮೂವತ್ತು ವರ್ಷಗಳಿಂದ ಕೇಳದಿದ್ದ ಒಂದು ಮಾತು ನಾಲಿಗೆಗೆ ಬಂದಿತು: "ಪ್ಲೇಟಿನ ಮಗ್ಗುಲ ಬದಲಿಸು." ನಾಲತವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಗ್ರಾಮೊಫೋನಿನ ಬಳಿ ಕುಳಿತವರಿಗೆ ನಮ್ಮ ಮುತ್ಯಾ ಹೇಳುತ್ತಿದ್ದ ಮಾತಂತೆ ಅದು. ಅವರ ದನಿಯನ್ನು ನಾನು ಕೇಳಿದವನಲ್ಲ. ಮಾತು ಮಾತ್ರ ಮನೆಯಲ್ಲಿ ಉಳಿದುಬಂದಿತ್ತು. ಶಬ್ದವು ಸಿಕ್ಕಿತು. ಅದರ ಜೊತೆಗೆ ನಾನು ಬಹುಕಾಲದಿಂದ ಮರೆಯಲೆತ್ನಿಸಿದ್ದ ಒಂದು ಅಪರಾಧವೂ ನೆನಪಿಗೆ ಬಂದಿತು. ಅದನ್ನು ಆಮೇಲೆ ಒಪ್ಪಿಸುತ್ತೇನೆ. ಮೊದಲು ಮಗ್ಗುಲಿನ ಕಥೆಯಾಗಲಿ.

ಗ್ರಾಮೊಫೋನು ಹುಟ್ಟಿದ ಹೊಸದರಲ್ಲಿ ಪ್ಲೇಟಿಗೆ ಇದ್ದುದು ಒಂದೇ ಮಗ್ಗುಲು. ಇನ್ನೊಂದು ಬದಿ ಬೋಳು. ೧೯೦೪ರಲ್ಲಿ ಜರ್ಮನಿಯ ಓಡಿಯನ್ ಕಂಪನಿಯು ಎರಡೂ ಬದಿಗೆ ಗೆರೆ ಕೊರೆದ ಪ್ಲೇಟುಗಳನ್ನು ಮಾರಾಟಕ್ಕಿಟ್ಟಿತು, ಉಳಿದವರು ಅನುಸರಿಸಬೇಕಾಯಿತು. ಹತ್ತು ಅಂಗುಲದ ಆ ಕರಿಯ ತಟ್ಟೆಯು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುತ್ತ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಾಡುತ್ತಿತ್ತು. ನಮ್ಮ ಉಸ್ತಾದರು ಮೂರು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ ಕೊಡಲು ಕಲಿತದ್ದು ಈ ತಟ್ಟೆಯ ದೆಸೆಯಿಂದ.

ಎರಡು ಮಗ್ಗುಲಾದ ಮೇಲೆ ತಾರತಮ್ಯವೂ ಹುಟ್ಟಿತು. ಮುಂದಿನ ಮಗ್ಗುಲು ವ್ಯಾಪಾರದ್ದು. ಅದಕ್ಕೆ ಯಾವ ಹಾಡೆಂಬುದನ್ನು ಕಂಪನಿಯವರು ಅಳೆದು ತೂಗಿ ನಿರ್ಣಯಿಸುತ್ತಿದ್ದರು. ಹಿಂದಿನ ಮಗ್ಗುಲನ್ನು ಅಷ್ಟಾಗಿ ಯಾರೂ ಕೇಳುವಂತಿರಲಿಲ್ಲ. ಆದುದರಿಂದ ಕಲಾವಿದನು ಅಲ್ಲಿ ತನಗೆ ತೋಚಿದುದನ್ನು ಮಾಡಬಹುದಾಗಿತ್ತು. ಬೀಟಲ್ಸ್ ತಂಡದವರು ೧೯೬೬ರಲ್ಲಿ ಹಾಡಿದ ದನಿಯನ್ನು ತಿರುಗುಮುರುಗಾಗಿ ಓಡಿಸಿ ಕೇಳಿಸಿದ್ದು ಇಂಥ ಒಂದು ಹಿಂದಿನ ಮಗ್ಗುಲಿನಲ್ಲಿಯೇ. ಆದರೆ ಹಣದ ಲೆಕ್ಕದಲ್ಲಿ ಮಾತ್ರ ಎರಡೂ ಮಗ್ಗುಲು ಸಮಾನ. ಪ್ಲೇಟು ಮಾರಾಟವಾದರೆ ಮುಂದಿನ ಹಾಡು ಬರೆದವನಿಗೆ ಎಷ್ಟು ಗೌರವಧನವೋ ಹಿಂದಿನದನ್ನು ಬರೆದವನಿಗೂ ಅಷ್ಟೇ. ೧೯೭೫ರಲ್ಲಿ 'ಕ್ವೀನ್' ತಂಡದ ಒಂದು ಹಾಡು ಜಗತ್ತನ್ನೇ ಮರುಳುಮಾಡಿದಾಗ, ಅದರ ಬೆನ್ನಿಗೆ ಆ ತಂಡದ ಡೋಲು ಬಡಿಯುವವನು ತನ್ನ ಮೋಟಾರುಕಾರಿನ ಪ್ರೇಮಗೀತೆಯನ್ನು ಅಂಟಿಸಿಬಿಟ್ಟಿದ್ದನು. ಮಹಾನವಮಿಯ ಆನೆಯ ಬಾಲ ಹಿಡಿದವನಿಗೂ ಮೆರವಣಿಗೆಯ ಫಲ!

ಕೆಲವು ಸಲ ಹಿಂದಿನದು ಮುಂದಕ್ಕೆ ಬಂದುದೂ ಉಂಟು. ೧೯೫೪ರ ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್' ಹಿಂದಿನ ಮಗ್ಗುಲಿನ ಹಾಡು. ಇಂದು ಅದರ ಮುಂದಿನ ಹಾಡಿನ ಹೆಸರನ್ನು ಹೇಳಬಲ್ಲವರು ವಿರಳ. ಇಂಥ ಹಾಡುಗಳು ಬಿಡಿಬಿಡಿಯಾಗಿ ಕಳೆದುಹೋಗದಿರಲೆಂದು ಒಟ್ಟುಗೂಡಿಸುವ ಸಂಪ್ರದಾಯವೊಂದು ಆ ದೇಶಗಳಲ್ಲಿ ಬೆಳೆದಿದೆ. ಅಮೆರಿಕದ 'ಆರ್.ಇ.ಎಂ.' ಎಂಬ ತಂಡವು ೧೯೮೭ರಲ್ಲಿ ತನ್ನ ಅಂಥ ಸಂಕಲನಕ್ಕೆ, ವಿಳಾಸ ತಿಳಿಯದ ಕಾಗದಗಳು ಕೊನೆಗೆ ಹೋಗಿ ಬೀಳುವ ಅಂಚೆಕಚೇರಿಯ ಹೆಸರನ್ನೇ ಇರಿಸಿತು. ಎಷ್ಟು ಸರಿಯಾದ ಹೆಸರು! ಬರೆದವನಿದ್ದಾನೆ, ಬರೆದದ್ದೂ ಇದೆ, ಮುಟ್ಟಬೇಕಾದವನಿಗೆ ಮುಟ್ಟಿಲ್ಲ.

ನಮ್ಮಲ್ಲಿಯೂ ಅಂಥ ಕಾಗದಗಳು ರಾಶಿರಾಶಿಯಾಗಿವೆ. ಹಿಂದುಸ್ಥಾನದಲ್ಲಿ ಮುದ್ರಣವು ಮೊದಲಾದುದು ೧೯೦೨ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಆಗ ಹಾಡಿದವರಲ್ಲಿ ಗೌಹರ್ ಜಾನಳೂ ಒಬ್ಬಳು. ಪ್ಲೇಟುಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂಬುದು ತಿಳಿಯಲೆಂದು ಗಾಯಕರು ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಗೌಹರ್ ಜಾನಳು ಇಂಗ್ಲಿಷಿನಲ್ಲಿ ಠೀವಿಯಿಂದ ತನ್ನ ಹೆಸರನ್ನು ಸಾರುವುದನ್ನು ಇಂದಿಗೂ ಕೇಳಬಹುದು. ಅವಳ ಕೊನೆಯ ದಿನಗಳು ಕಳೆದದ್ದು ನಮ್ಮ ನಾಡಿನಲ್ಲಿಯೇ. ೧೯೨೮ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದಳು. ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ೨೦೧೦ರಲ್ಲಿ ಅವಳ ಚರಿತ್ರೆಯನ್ನು ಪ್ರಕಟಿಸಿ, ಮರುವರ್ಷವೇ ಹಳೆಯ ಪ್ಲೇಟುಗಳ ದನಿಯನ್ನು ಗಣಕಯಂತ್ರಕ್ಕೆ ಇಳಿಸಿ ಕಾಯ್ದಿಡುವ ಸಂಗ್ರಹವೊಂದನ್ನು ಸ್ಥಾಪಿಸಿದುದು ಓದುಗರಲ್ಲಿ ಕೆಲವರಿಗೆ ತಿಳಿದಿರಬಹುದು.

ನಮ್ಮ ವಿಜಾಪುರ ಜಿಲ್ಲೆಯೇನು ಕಡಿಮೆಯದಲ್ಲ. ಅಂದಿನ ಈ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ ೧೯೪೩ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೂ ತಲುಪಿದರು. ವಿಜಾಪುರದಲ್ಲಿ 'ಅಮೀರ್ ಟಾಕೀಜ್' ಎಂಬ ಚಿತ್ರಮಂದಿರವನ್ನೂ ಕಟ್ಟಿಸಿದರು. ೧೯೬೫ರಲ್ಲಿ ತೀರಿಕೊಂಡ ಅವರ ಚರಿತ್ರೆಯನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಬರೆದು ಉಪಕರಿಸಿದ್ದಾರೆ. ಇನ್ನು ಧಾರವಾಡದ ಕಡೆಗೆ ಬಂದರೆ, ೧೯೩೦ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಿಂದ ಕೆಲವು ಪ್ಲೇಟುಗಳು ಹೊರಬಂದವು: ತೆಳುವಾದ, ತಾರಕಕ್ಕೆ ಸರಾಗವಾಗಿ ಏರುವ ಹೆಣ್ಣುದನಿ; ಠುಮರಿ, ಗಜಲು, ಭಾವಗೀತೆಗಳು. ಆ ಗಾಂಧಾರಿಯೇ ಗಂಗೂಬಾಯಿ ಹಾನಗಲ್ಲರು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ದನಿಯು ಗಂಡುದನಿಯಂತೆ ಗಂಭೀರವಾಯಿತು. ಅವರು ಲಘುಸಂಗೀತವನ್ನು ಕೈಬಿಟ್ಟು ಖಯಾಲಿಗೇ ತಮ್ಮನ್ನು ಕೊಟ್ಟುಕೊಂಡರು. ನಾವು ಬಲ್ಲ ಗಂಗೂಬಾಯಿಯವರು ಈ ಎರಡನೆಯವರು. ಮಲ್ಲಿಕಾರ್ಜುನ ಮನಸೂರರ ಮಾತೂ ಹೀಗೆಯೇ. ಅವರ ಯೌವನದ ಪ್ಲೇಟುಗಳಲ್ಲಿ ನೀಲಕಂಠ ಬುವಾ ಅವರಲ್ಲಿ ಕಲಿತ ಗ್ವಾಲಿಯರದ ಬೆಡಗಿದೆ. ಮಂಜಿಖಾನ್, ಭೂರ್ಜಿಖಾನ್ ಅವರ ಶಿಷ್ಯತ್ವದಿಂದ ಪಾಕಗೊಂಡ ಮನಸೂರರು ಆಮೇಲಿನವರು.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಕಲಾವಿದರೇ ಬಿಟ್ಟು ಮುಂದೆ ನಡೆದುದನ್ನು ನಾವು ಹೆಕ್ಕಿ ತಂದು ಮೆರೆಸುವುದು ನ್ಯಾಯವೆ? ತಾಯಿಯೊಬ್ಬಳು ಒಂದು ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದರೆ ಅದಕ್ಕೆ ಅವಳದೇ ಕಾರಣವಿರುತ್ತದೆ. ಅದನ್ನು ತೆಗೆದು ಹೊರಸಿನ ಮೇಲೆ ಹರವುವ ಅಧಿಕಾರವನ್ನು ಮಕ್ಕಳಿಗೆ ಕೊಟ್ಟವರಾರು? ಈ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಓಯಸಿಸ್ ತಂಡದವರ ಸಂಕಲನವು ಅವರೇ ಬದುಕಿರುವಾಗ, ಅವರ ಒಪ್ಪಿಗೆಯಿಂದ ಆದುದು. ಸತ್ತವರ ಪೆಟ್ಟಿಗೆಯನ್ನು ತೆರೆಯುವ ಮಾತು ಬೇರೆ. ಆದರೆ ಕಲಾವಿದನು ತಾನಾಗಿ ಬಿಟ್ಟದ್ದು ಒಂದು. ಪೇಟೆಯು ಬಿಟ್ಟದ್ದು ಇನ್ನೊಂದು. ಹಿಂದಿನ ಮಗ್ಗುಲಿನ ಹಾಡನ್ನು ಹಾಡಿದವಳು ಬೇಡವೆಂದು ಬಿಸುಟವಳಲ್ಲ. ಮುಂದಿನದಕ್ಕೆ ಕೊಟ್ಟಷ್ಟೇ ಉಸಿರನ್ನು ಅದಕ್ಕೂ ಕೊಟ್ಟವಳು. ತಿರುವಿ ಹಾಕದೆ ಹೋದವರು ನಾವು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ.

ನಾಲತವಾಡವು ಮುದ್ದೇಬಿಹಾಳ ತಾಲ್ಲೂಕಿನ ಊರು. ವೀರೇಶ್ವರ ಶರಣರ ಊರೆಂದು ಸುತ್ತಿನವರಿಗೆ ಪರಿಚಿತ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟು ದೂರವಿಲ್ಲ. ಅಲ್ಲಿ ನಮ್ಮದೊಂದು ಮಣ್ಣಿನ ಮಾಳಿಗೆಯ ಹಳೆಯ ಮನೆ. ನಮ್ಮ ಮುತ್ಯಾನವರು ನಾಟಕಗಳ ಹುಚ್ಚಿನವರು. ಜೋಳ ಮಾರಿದ ಹಣದಲ್ಲಿ ಚಾವಿ ಕೊಡುವ ಗ್ರಾಮೊಫೋನನ್ನು ತಂದಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅವರೂ ಇರಲಿಲ್ಲ, ಯಂತ್ರದ ಸ್ಪ್ರಿಂಗೂ ಮುರಿದಿತ್ತು. ಉಳಿದುದು ಅಟ್ಟದ ಮೇಲೆ ಒಂದು ತಗಡಿನ ಟ್ರಂಕು, ಅದರ ತುಂಬ ಕರಿಯ ಪ್ಲೇಟುಗಳು. ನಾನು ಎಂಟು ವರ್ಷದವನಿದ್ದಾಗ ನಮಗೆ ದೂರದರ್ಶನದ ಮಹಾಭಾರತದ ಆಟ. ಹಿರಿಯ ಹುಡುಗರು ಹೇಳಿಕೊಟ್ಟರು: ಈ ಪ್ಲೇಟುಗಳೇ ಸುದರ್ಶನ ಚಕ್ರ. ಒಂದು ಬೇಸಗೆಯ ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತು ನಾನು ಕೃಷ್ಣನಾದೆ. ಕೆಳಗೆ ಹಿತ್ತಿಲಿನ ಕಲ್ಲಿನ ಮೇಲೆ ಹನ್ನೊಂದು ಶಿಶುಪಾಲರು ಸತ್ತರು. ಅರಗಿನ ಪ್ಲೇಟು ಒಡೆಯುವ ಸದ್ದು ಎಷ್ಟು ಸೊಗಸಾಗಿತ್ತೆಂದರೆ, ಹನ್ನೆರಡನೆಯದನ್ನು ಅಪ್ಪ ಬಂದು ಕಸಿದುಕೊಳ್ಳದಿದ್ದರೆ ಟ್ರಂಕು ಬರಿದಾಗುತ್ತಿತ್ತು.

ಈ ವರ್ಷ ಆ ಮಾಳಿಗೆಯನ್ನು ಕೆಡವಿ ಮನೆಯನ್ನು ಹೊಸದಾಗಿ ಕಟ್ಟಬೇಕೆಂದು ನಮ್ಮ ಕಾಕಾ ನಿಶ್ಚಯಿಸಿದರು. ಅಟ್ಟವನ್ನು ಇಳಿಸಿದರು. ಗುಜರಿಯವನು ತಾಮ್ರದ ಹಂಡೆಯನ್ನು ತೂಗಿದನು, ಟ್ರಂಕಿನ ತಗಡನ್ನು ತೂಗಿದನು, ಪ್ಲೇಟುಗಳನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ಕಬ್ಬಿಣ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ನನಗ್ಯಾಕ್ ಬೇಕ್ರಿ ಇದು?" ಎಂದು ಕಟ್ಟೆಯ ಮೇಲಿಟ್ಟು ಹೋದನು. ಹೀಗೆ ಯಾರಿಗೂ ಬೇಡವಾದುದರಿಂದ ಅವು ಉಳಿದವು. ಗಿಟಾರಿನ ಹುಡುಗನು ಬಂದುಹೋದ ವಾರವೇ ನಾನು ಊರಿಗೆ ಹೋದೆ. ಪ್ಲೇಟುಗಳನ್ನು ಎಣಿಸಿದೆ: ಇಡಿಯಾದವು ಇಪ್ಪತ್ತು. ಒಡೆದ ಚೂರುಗಳನ್ನೂ ಯಾರೋ ಒಂದು ಹಿಟ್ಟಿನ ಚೀಲದಲ್ಲಿ ಕಟ್ಟಿ ಇಟ್ಟಿದ್ದರು.

ಒಂದು ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುಂದಿನ ಮಗ್ಗುಲು ಬೂದಿ ಬಳಿದಂತೆ ಮಂಕಾಗಿತ್ತು. ಉಕ್ಕಿನ ಮುಳ್ಳು ಉತ್ತು ಉತ್ತು ಗೆರೆಗಳನ್ನೆಲ್ಲ ಸವೆಯಿಸಿತ್ತು. ತಿರುವಿದೆ. ಹಿಂದಿನ ಮಗ್ಗುಲು ಈಗತಾನೆ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಿರಿಮಿರಿ ಮಿಂಚಿತು. ಇಪ್ಪತ್ತರಲ್ಲಿ ಹದಿನಾರು ಹೀಗೆಯೇ. ಜನರು ಮೆಚ್ಚಿದ ಹಾಡು ಮೆಚ್ಚುಗೆಯಿಂದಲೇ ಅಳಿದಿತ್ತು. ಯಾರೂ ಕೇಳದ ಹಾಡು ಹಾಗೆಯೇ ಇತ್ತು.

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಪಡಸಾಲೆಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಎಂಬತ್ತನಾಲ್ಕು ವರ್ಷದ ಮುದುಕಿ. ಹದಿನಾಲ್ಕಕ್ಕೆ ತಾಳಿಕೋಟೆಯ ಕಡೆಯ ಹಳ್ಳಿಗೆ ಮದುವೆಯಾಗಿ ಹೋದವಳು. ಮನೆಯನ್ನು ಕೆಡವುವ ಮೊದಲು ಒಮ್ಮೆ ನೋಡಬೇಕೆಂದು ಬಂದಿದ್ದಳು.

"ಏನ ಹುಡುಕ್ಯಾಡಾಕತ್ತೀಯೋ ತಮ್ಮಾ, ಆ ಚೀಲದಾಗ?"

"ಒಡದ ಪ್ಲೇಟು ಅತ್ತಿ. ನಾನ ಒಡದದ್ದು."

"ಗೊತ್ತೈತಿ. ಆರಿಸಿ ಇಟ್ಟಾಕಿ ನಾನ. ಪಂಚಮಿಗೆ ಬಂದಿದ್ನಿ ಆಗ."

ನಾನು ಬೆರಗಾಗಿ ನೋಡಿದೆ. ಅವಳು ಚೀಲವನ್ನು ಹತ್ತಿರಕ್ಕೆಳೆದುಕೊಂಡು, ಕೈಯಾಡಿಸಿ, ಎರಡು ಚೂರುಗಳನ್ನು ತೆಗೆದು ಜೋಡಿಸಿದಳು. ನಡುವಿನ ಚೀಟಿಯನ್ನು ಹುಳು ತಿಂದಿತ್ತು. ಕಂಪನಿಯ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. "ಇದು" ಎಂದಳು.

ಸಂಗತಿಯು ಹೀಗೆ. ಸಂಜೆ ಗಂಡಸರು ಕುಳಿತು ಪ್ಲೇಟು ಹಾಕಿಸುವರು. ಚಾವಿ ಕೊಡುವ ಕೆಲಸ ಹನ್ನೆರಡು ವರ್ಷದ ಈ ಹುಡುಗಿಯದು. ಅವರಿಗೆ ಬೇಕಾದುದು ನಾಟಕದ ಹಾಡು, ಅದೂ ಹೆಸರಾದದ್ದು. ಮಗ್ಗುಲ ಬದಲಿಸೆಂದು ಮುತ್ಯಾ ಒಮ್ಮೊಮ್ಮೆ ಹೇಳಿದರೂ, ಉಳಿದವರು, "ಬ್ಯಾಡ್ರಿ, ಅದನ್ನ ಇನ್ನೊಮ್ಮೆ ಹಚ್ರಿ" ಎನ್ನುವರು. ಹಿಂದಿನ ಮಗ್ಗುಲಿನಲ್ಲಿ ಏನಿದೆಯೋ ಎಂಬ ಕುತೂಹಲವು ಹುಡುಗಿಯನ್ನು ಕಾಡಿತು. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ, ಪೆಟ್ಟಿಗೆಯ ಬಾಯಿಗೆ ಧೋತರವನ್ನು ತುರುಕಿ, ಸದ್ದಡಗಿಸಿ, ಒಂದೊಂದೇ ಪ್ಲೇಟನ್ನು ತಿರುವಿ ಹಾಕಿ ಕೇಳಿದಳು. ಎರಡು ವರ್ಷ ಕೇಳಿದಳು. ಹಿಂದಿನ ಮಗ್ಗುಲುಗಳೆಲ್ಲ ಅವಳಿಗೆ ಬಾಯಿಪಾಠವಾದವು. ಮುಂದಿನವು ಅಷ್ಟಾಗಿ ಬರುವುದಿಲ್ಲವಂತೆ.

"ಹಾಡತೀಯೇನತ್ತಿ?"

"ಹಲ್ಲಿಲ್ಲ ಬಾಯಾಗ. ಹಾಡಂದ್ರ ಹಾಡಾಕ ಬರತೈತೇನ?"

ಅಂದವಳು ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಎತ್ತಿಕೊಂಡಳು. ಕನ್ನಡದ ಹಾಡು. ಗಂಡನ ಮನೆಗೆ ಹೊರಟವಳೊಬ್ಬಳು ತವರಿನ ಬಾವಿಯನ್ನು ನೆನೆದುಕೊಳ್ಳುತ್ತಾಳೆ. ಬಾವಿಯ ಕಟ್ಟೆಯ ಮೇಲೆ ಏನನ್ನೋ ಮರೆತು ಬಂದೆನೆನ್ನುತ್ತಾಳೆ. ಅತ್ತೆಯ ದನಿಯು ನಡುಗುತ್ತಿತ್ತು. ಆದರೆ ಸ್ವರವು ನಿಂತ ಕಡೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಲಯ ಮಾತ್ರ ಪ್ಲೇಟಿನ ಲಯವಾಗಿರಲಾರದೆಂದು ನನಗೆ ಅನುಮಾನವಾಯಿತು. ಕೇಳಿದರೆ, ಅತ್ತೆಯ ಮನೆಯಲ್ಲಿ ಹೆಣ್ಣುಮಗಳು ಹಾಡಲು ಒಪ್ಪಿಗೆಯಿದ್ದುದು ಬೀಸುವ ಕಲ್ಲಿನ ಮುಂದೆ ಮಾತ್ರವಂತೆ. ಹೀಗೆ ಗ್ರಾಮೊಫೋನಿನ ಹಾಡು ಬೀಸುಕಲ್ಲಿನ ಸುತ್ತಿಗೆ ಹೊಂದಿಕೊಂಡು, ಎಪ್ಪತ್ತೆಂಟು ಸುತ್ತಿನ ವೇಗವನ್ನು ಬಿಟ್ಟು, ಜೋಳದ ಹಿಟ್ಟಿನ ವೇಗವನ್ನು ಹಿಡಿದಿತ್ತು.

ಎರಡನೆಯ ಚರಣದಲ್ಲಿ, ಬಾವಿಯ ಕಟ್ಟೆಯ ಮೇಲೆ ಏನನ್ನು ಮರೆತು ಬಂದಳೆಂದು ಹೇಳಬೇಕಾದ ಕಡೆ, ಅತ್ತೆ ಚಕ್ಕನೆ ಒಂದು ಪದವನ್ನು ಹಾರಿಸಿ ಮುಂದಕ್ಕೆ ಹೋದಳು. ಮರೆತಳೆಂದುಕೊಂಡು ಮತ್ತೊಮ್ಮೆ ಹಾಡಿಸಿದೆ. ಅಲ್ಲಿಗೆ ಬಂದಾಗ ಮತ್ತೆ ಹಾರಿದಳು, ಅದೇ ಮಾತ್ರೆಗೆ.

"ಅಲ್ಲೇನೈತಿ ಅತ್ತಿ?"

"ಅಲ್ಲಿ ಮುಳ್ಳು ಹಾರತಿತ್ತು."

"ಪ್ಲೇಟ ಗೀರಿತ್ತೇನು?"

ಅವಳು ಕೆಲಹೊತ್ತು ಸುಮ್ಮನಿದ್ದಳು. "ಮೊದಲನೇ ಸಲ ಕೇಳಾಕ ಹತ್ತಿದ್ನಿ. ಹೊರಗ ಅಪ್ಪ ಕೆಮ್ಮಿದಂಗಾತು. ಗಾಬರ್ಯಾಗಿ ಮುಳ್ಳ ಜಗ್ಗೀನಿ. ಕರ್ ಅಂತ ಗೀರು ಬಿತ್ತು. ಮುಂದ ನೂರ ಸಲ ಕೇಳೀನಿ, ಆ ಮಾತ ಮಾತ್ರ ಕೇಳಲಿಲ್ಲ. ಏನ ಬಿಟ್ಟ ಬಂದಾಳೋ, ಯಾರಿಗ್ಗೊತ್ತು."

ಎಪ್ಪತ್ತೆರಡು ವರ್ಷಗಳಿಂದ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಅಂದಿನ ಆ ಗೀರು ಅವಳ ಭಯದ್ದು. ಮುಂದಿನ ಒಡಕು ನನ್ನ ಆಟದ್ದು. ಇಬ್ಬರ ಕೈಯೂ ಸೇರಿ ಆ ಹಾಡು ಇಷ್ಟಾಗಿ ಉಳಿದಿದೆ.

ಹಾಡು ಮುಗಿದಾಗ ಅವಳು ಒಂದು ಸಣ್ಣ ಉಸಿರನ್ನು, ಹಗುರಾಗಿ, ಬೇಕೆಂದೇ ಬಿಟ್ಟಳು. ದಣಿವೆಂದು ನಾನು ನೀರು ತರಲು ಎದ್ದೆ. "ನೀರು ಬ್ಯಾಡ" ಎಂದಳು. "ಆಕಿ ಹಾಡಿ ಮುಗಿಸಿದ ಮ್ಯಾಲ ಹಂಗ ಉಸುರ ಬಿಡತಿದ್ಳು. ಹೆಸರ ಗೊತ್ತಿಲ್ಲ ನನಗ. ಉಸುರ ಗೊತ್ತೈತಿ."

ನಾನು ಕಾಲೇಜಿನಲ್ಲಿ ಗ್ರಂಥಸಂಪಾದನೆಯನ್ನು ಪಾಠ ಹೇಳುವವನು. ಓಲೆ ಮುರಿದಿದ್ದರೆ, ಹುಳು ತಿಂದಿದ್ದರೆ, ಅಲ್ಲಿ ಸಂಪಾದಕನು ಏನು ಮಾಡಬೇಕೆಂಬುದನ್ನು ವರ್ಷ ವರ್ಷವೂ ಹೇಳುತ್ತೇನೆ: ಬೇರೆ ಪ್ರತಿಯಿದ್ದರೆ ಹೋಲಿಸು, ಇಲ್ಲದಿದ್ದರೆ ಚುಕ್ಕಿಗಳನ್ನಿಡು, ನಿನ್ನ ಕವಿತ್ವವನ್ನು ಅಲ್ಲಿ ತೋರಿಸಬೇಡ. ನಮ್ಮ ಜಿಲ್ಲೆಗೆ ಈ ಪಾಠವು ಹೊಸದಲ್ಲ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದವರು. ಮನೆಮನೆಯ ಜಗಲಿಯ ಮೇಲೆ ವಸ್ತ್ರ ಸುತ್ತಿ, ವಿಭೂತಿ ಹಚ್ಚಿ, ಪೂಜೆ ಮಾಡಿ, ಓದದೆ ಇರಿಸಿದ್ದ ತಾಡವೋಲೆಗಳ ಕಟ್ಟುಗಳನ್ನು ಬಿಚ್ಚಿಸಿದರು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನೇ ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮನೆಯನ್ನು ಮಾರಿಯಾದರೂ ಅಚ್ಚು ಮಾಡಿಸಿದ ಆ ಮಹನೀಯರು ಹುಡುಕದಿದ್ದರೆ ಎಷ್ಟು ವಚನಗಳು ಗುಜರಿಗೂ ಬೇಡವಾಗಿ ಮಣ್ಣಾಗುತ್ತಿದ್ದವೋ! ಹಾಡಿಗೂ ವಚನಕ್ಕೂ ನಾನು ಸಮಾನತೆಯನ್ನು ಕಟ್ಟುತ್ತಿಲ್ಲ. ಬಿಚ್ಚಿ ನೋಡುವ ಬುದ್ಧಿಯನ್ನು ಮಾತ್ರ ಹೇಳುತ್ತಿದ್ದೇನೆ.

ಮರಳಿ ಬಂದು ಗಿಟಾರಿನ ಹುಡುಗನಿಗೆ ಅತ್ತೆಯ ಹಾಡನ್ನು ಮೊಬೈಲಿನಲ್ಲಿ ಕೇಳಿಸಿದೆ. ಅವನು ಕಣ್ಣು ಮುಚ್ಚಿ ಕೇಳಿದನು. ಆಮೇಲೆ ಉತ್ಸಾಹದಿಂದ, "ಆ ಬಿಟ್ಟುಹೋದ ಪದವನ್ನು ಯಂತ್ರದಿಂದ ತುಂಬಿಸಬಹುದು ಸರ್. ಅವರ ದನಿಯಲ್ಲಿಯೇ ಹೇಳಿಸಬಹುದು. ಬೀಟಲ್ಸ್‌ನವರು ೨೦೨೩ರಲ್ಲಿ ಸತ್ತ ಲೆನನ್ನನ ದನಿಯನ್ನು ಹಳೆಯ ಕ್ಯಾಸೆಟ್ಟಿನಿಂದ ಎಬ್ಬಿಸಲಿಲ್ಲವೆ?" ಎಂದನು.

"ಎಬ್ಬಿಸಿದರು" ಎಂದೆ. "ಆದರೆ ಅವನು ಹಾಡಿದ್ದನ್ನು ಎಬ್ಬಿಸಿದರು. ಪಿಯಾನೋದ ಸದ್ದಿನಲ್ಲಿ ಮುಳುಗಿದ್ದ ದನಿಯನ್ನು ಬೇರ್ಪಡಿಸಿದರು. ಇಲ್ಲಿ ಮುಳುಗಿರುವುದು ಯಾವುದೂ ಇಲ್ಲವಲ್ಲ? ನಾನು ಕೊಡವೆಂದು ಬರೆದರೆ ಅದು ನನ್ನ ಕೊಡ. ನೀನು ಬಳೆಯೆಂದರೆ ಅದು ನಿನ್ನ ಬಳೆ."

ಹುಡುಗನು ಯೋಚಿಸಿ ತಲೆದೂಗಿದನು. ಟಿಪ್ಪಣಿಯ ಪುಸ್ತಕದಲ್ಲಿ ಹಾಡನ್ನು ಬರೆದುಕೊಂಡಿದ್ದೇನೆ. ಎರಡನೆಯ ಚರಣದಲ್ಲಿ ಮೂರು ಚುಕ್ಕಿಗಳಿವೆ. ಯಾವ ಊರಿನ ಯಾವ ಅಟ್ಟದ ಮೇಲಾದರೂ ಅದೇ ಪ್ಲೇಟಿನ ಇನ್ನೊಂದು ಪ್ರತಿಯು, ಹಿಂದಿನ ಮಗ್ಗುಲು ಮಿರುಗುತ್ತ, ಮಲಗಿದ್ದರೂ ಮಲಗಿರಬಹುದು.

ಆದುದರಿಂದ ಈ ವಾರದ ಮಾತನ್ನು ಒಂದು ಬಿನ್ನಹದಿಂದ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಅರಗಿನ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಹೇರಬೇಡಿ; ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲಿಗಿಡಬೇಡಿ, ಸೊಟ್ಟಗಾಗುತ್ತವೆ. ಸ್ಪಿರಿಟಿನಿಂದ ಒರೆಸಬೇಡಿ, ಅರಗು ಅದರಲ್ಲಿ ಕರಗಿಹೋಗುತ್ತದೆ, ಹಾಡೂ ಕೂಡ. ಎರಡೂ ಮಗ್ಗುಲಿನ ಚೀಟಿಗಳನ್ನು ಓದಿ ಬರೆದಿಡಿ. ದನಿಯನ್ನು ಇಳಿಸಿಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ, ಅವರಿಗೆ ಮುಟ್ಟಿಸಿರಿ. ನಮ್ಮ ಇಪ್ಪತ್ತನ್ನು ಹಾಗೆ ಕಳುಹಿಸುವ ಏರ್ಪಾಡಾಗಿದೆ. ಪ್ಲೇಟುಗಳಿಲ್ಲದಿದ್ದರೆ, ಅವುಗಳನ್ನು ಕೇಳಿದವರು ಇದ್ದಾರೆಯೆ ನೋಡಿರಿ. ಅವರನ್ನು ಹಾಡಿಸುವಾಗ ಹೆಸರಾದ ಹಾಡನ್ನೇ ಕೇಳಬೇಡಿ. ಅದು ಎಲ್ಲರ ಬಳಿಯೂ ಇರುತ್ತದೆ.

ಒಡೆದ ಚೂರುಗಳ ಚೀಲವನ್ನು ಸಂಗ್ರಹದವರಿಗೆ ಕಳುಹಿಸುತ್ತಿಲ್ಲ. ಅತ್ತೆ ಹೊರಡುವಾಗ ಅದನ್ನು ತನ್ನ ಗಂಟಿನಲ್ಲಿ ಇರಿಸಿಕೊಂಡಳು. "ನಿನ್ನ ಮೊಬೈಲದಾಗ ಐತೆಲ್ಲೊ ಹಾಡು? ಚೂರು ನನಗಿರಲಿ" ಎಂದಳು. ಮುದ್ದೇಬಿಹಾಳದ ಬಸ್ಸು ಬಂದಿತು. ಕೈಹಿಡಿದು ಹತ್ತಿಸಿ, ಕಿಟಕಿಯ ಬಳಿ ಕೂಡಿಸಿದೆ. ಕುಳಿತು, ಸೆರಗನ್ನು ಸರಿಮಾಡಿಕೊಂಡು, ಅವಳು ಒಂದು ಸಣ್ಣ ಉಸಿರನ್ನು ಬಿಟ್ಟಳು. ಈ ಸಲದ್ದು ಅವಳದೋ, ಪ್ಲೇಟಿನವಳದೋ, ಕೇಳಲು ನನಗೆ ಧೈರ್ಯವಾಗಲಿಲ್ಲ.